ಹೆದ್ದಾರಿಯ ಅಗಲವೂ ದಾಟುವವರ ಹೆಜ್ಜೆಯೂ

ರಸ್ತೆಗಳು ಅಗಲವಾಗುವುದು ನಾಡಿನ ಪ್ರಗತಿಯ ಲಕ್ಷಣಗಳಲ್ಲೊಂದೆಂದು ಎಲ್ಲರೂ ಒಪ್ಪುತ್ತಾರೆ. ಸರಕು ಬೇಗ ಸಾಗಬೇಕು. ರೋಗಿಯು ವೇಳೆಗೆ ಸರಿಯಾಗಿ ಆಸ್ಪತ್ರೆಯನ್ನು ಸೇರಬೇಕು. ದುಡಿಯಲು ಹೋದವನು ಹೊತ್ತಿಗೆ ಮನೆ ಮುಟ್ಟಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ನಗರವೊಂದರ ಹೊರವಲಯದಲ್ಲಿ ಹಾದುಹೋಗುವ ಹೆದ್ದಾರಿಯನ್ನು ಅಗಲಮಾಡಿದ ಮಾತ್ರಕ್ಕೆ ದಟ್ಟಣೆಯೂ ಅಪಾಯವೂ ಒಟ್ಟಿಗೆ ಕಡಮೆಯಾಗುವುವೇ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ. ನಮಗೆಲ್ಲ ಪರಿಚಿತವಾದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ಮೊದಲು ರಸ್ತೆಯ ಕೆಲಸವೇನೆಂಬುದನ್ನು ನೋಡೋಣ. ದೂರದವರನ್ನು ದೂರಕ್ಕೆ ಮುಟ್ಟಿಸುವುದು ಒಂದು ಕೆಲಸ. ಅಕ್ಕಪಕ್ಕದ ಊರಿನವರನ್ನು ಹೊಲಕ್ಕೆ, ಅಂಗಡಿಗೆ, ಶಾಲೆಗೆ ಸೇರಿಸುವುದು ಇನ್ನೊಂದು. ಹಳೆಯ ಮೈಸೂರು ರಸ್ತೆಯು ಈ ಎರಡನ್ನೂ ಒಂದೇ ಡಾಂಬರಿನ ಮೇಲೆ ಮಾಡುತ್ತಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಹೀಗೆ ಊರೂರಿನ ನಡುವೆಯೇ ಅದು ಹಾಯುತ್ತಿತ್ತು. ಕಾರ್ಖಾನೆಯ ಬಸ್ಸು, ರೇಷ್ಮೆಗೂಡಿನ ಟೆಂಪೊ, ಕಬ್ಬು ಹೇರಿದ ಟ್ರಾಕ್ಟರು, ಮೈಸೂರಿಗೆ ಹೊರಟ ಪ್ರವಾಸಿಯ ಕಾರು, ಎಲ್ಲವೂ ಒಂದರ ಹಿಂದೊಂದು. ಒಂದು ಕೆಲಸಕ್ಕೆ ಇನ್ನೊಂದು ಅಡ್ಡಿ. ದಟ್ಟಣೆಗೆ ಮೂಲಕಾರಣ ಈ ಬೆರಕೆಯೇ ಹೊರತು ಬರಿಯ ಇಕ್ಕಟ್ಟಲ್ಲ.

ಬರಿಯ ಅಗಲದಿಂದ ದಟ್ಟಣೆ ತೀರದೆಂಬುದಕ್ಕೆ ಅರ್ಥಶಾಸ್ತ್ರದ ಆಧಾರವೂ ಇದೆ. ನಗರದ ಹೆದ್ದಾರಿಗಳಲ್ಲಿ ಕೆಲಸದ ಹೊತ್ತಿನ ದಟ್ಟಣೆಯು ರಸ್ತೆಯ ಸಾಮರ್ಥ್ಯ ಬೆಳೆದಷ್ಟೂ ಬೆಳೆದು ಅದನ್ನು ತುಂಬಿಬಿಡುತ್ತದೆಂದು ಅಮೆರಿಕದ ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು ೧೯೬೨ರಲ್ಲಿಯೇ ಪ್ರತಿಪಾದಿಸಿದರು. ಇದರ ತರ್ಕ ಸರಳವಾಗಿದೆ. ಪ್ರಯಾಣಿಕನು ತೆರುವ ಕಾಲವೂ ರಸ್ತೆಯ ಒಂದು ಬೆಲೆ. ಬೆಲೆ ಇಳಿದರೆ ಬೇಡಿಕೆ ಏರುವುದೆಂಬುದನ್ನು ನಾವು ಮೊದಲ ವರ್ಷದ ತರಗತಿಯಲ್ಲಿಯೇ ಓದಿದ್ದೇವೆ. ನಿನ್ನೆ ರೈಲಿನಲ್ಲಿ ಹೋದವನು ಇಂದು ಕಾರು ತೆಗೆಯುತ್ತಾನೆ. ಹೊತ್ತು ನೋಡಿ ಹೊರಡುತ್ತಿದ್ದವನು ಎಲ್ಲರೊಡನೆಯೇ ಹೊರಡುತ್ತಾನೆ. ಆದುದರಿಂದ ಅಗಲಕ್ಕಿಂತಲೂ ಮುಖ್ಯವಾದುದು ದೂರದ ಸಂಚಾರವನ್ನೂ ಊರಿನ ಸಂಚಾರವನ್ನೂ ಬೇರ್ಪಡಿಸುವ ವ್ಯವಸ್ಥೆ.

ಹೊಸ ಹೆದ್ದಾರಿಯು ಈ ತತ್ತ್ವವನ್ನು ಅಂಗೀಕರಿಸಿದೆ. ೨೦೨೩ರ ಮಾರ್ಚ್ ೧೨ರಂದು ಮಂಡ್ಯದಲ್ಲಿ ಪ್ರಧಾನಮಂತ್ರಿಗಳಿಂದ ಉದ್ಘಾಟನೆಗೊಂಡ ಈ ಮಾರ್ಗದ ಉದ್ದ ೧೧೮ ಕಿಲೋಮೀಟರು. ಸರ್ಕಾರದ ಪ್ರಕಟಣೆಯಂತೆ ತಗುಲಿದ ವೆಚ್ಚ ಸುಮಾರು ೮,೪೮೦ ಕೋಟಿ ರೂಪಾಯಿ. ನಡುವೆ ಆರು ಪಥ, ಎರಡು ಬದಿಗೂ ಸರ್ವಿಸ್ ರಸ್ತೆ, ದೊಡ್ಡ ಊರುಗಳಿಗೆ ಬೈಪಾಸು. ಮೂರು ಗಂಟೆಯ ಪ್ರಯಾಣವು ಎಪ್ಪತ್ತೈದು ನಿಮಿಷಕ್ಕೆ ಇಳಿಯುವುದೆಂದು ಅದೇ ಪ್ರಕಟಣೆ ಸಾರಿತು. ಊರುಗಳ ನಡುಬೀದಿಯಿಂದ ಲಾರಿಗಳ ಸಾಲು ಕರಗಿದುದು ಸಣ್ಣ ಲಾಭವಲ್ಲ.

ಹೀಗಿದ್ದರೂ ೨೦೨೩ರ ಮೊದಲ ಆರು ತಿಂಗಳಲ್ಲಿ ಈ ಮಾರ್ಗದ ಅಪಘಾತಗಳಲ್ಲಿ ನೂರಕ್ಕೂ ಮೀರಿ ಜನ ಪ್ರಾಣ ಕಳೆದುಕೊಂಡರು. ರಸ್ತೆ ಮೊದಲಿಗಿಂತ ಒಳ್ಳೆಯದಾದಾಗ ಸಾವು ಹೆಚ್ಚುವುದೆಂದರೇನು? ಇದನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ.

ಒಂದು ಪಥದ ಅಗಲ ಮೂರೂವರೆ ಮೀಟರು. ಹಳೆಯ ಕಾಲದ ಎರಡು ಪಥದ ರಸ್ತೆಯೆಂದರೆ ಏಳು ಮೀಟರು. ಸೆಕೆಂಡಿಗೆ ೧.೨ ಮೀಟರಿನಂತೆ ನಡೆಯುವವನು ಅದನ್ನು ಆರು ಸೆಕೆಂಡಿನಲ್ಲಿ ದಾಟುತ್ತಾನೆ. ಗಂಟೆಗೆ ೬೦ ಕಿಲೋಮೀಟರು ಓಡುವ ವಾಹನವು ಅಷ್ಟರಲ್ಲಿ ಸಾಗುವುದು ನೂರು ಮೀಟರು. ಆರು ಪಥವೆಂದರೆ ನಡುವಣ ವಿಭಜಕವನ್ನು ಬಿಟ್ಟೂ ಇಪ್ಪತ್ತೊಂದು ಮೀಟರು. ದಾಟಲು ಸುಮಾರು ಹದಿನೆಂಟು ಸೆಕೆಂಡು ಬೇಕು. ಗಂಟೆಗೆ ೧೦೦ ಕಿಲೋಮೀಟರಿನ ವಾಹನವು ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರು ಬಂದಿರುತ್ತದೆ! ಅಷ್ಟು ದೂರದ ಕಾರಿನ ವೇಗವನ್ನು ಬರಿಗಣ್ಣಿನಿಂದ ಅಳೆಯಬಲ್ಲವರಾರು? ಇನ್ನು ಚಾಲಕನ ಕಡೆಯಿಂದ ನೋಡಿದರೆ, ವೇಗ ಎರಡರಷ್ಟಾದಾಗ ಬ್ರೇಕು ಹಾಕಿದ ಮೇಲೆ ವಾಹನ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಒಟ್ಟಿನಲ್ಲಿ ಅಗಲವೂ ವೇಗವೂ ಕೂಡಿದಾಗ ಅಪಾಯವು ಕೂಡಿಕೆಯ ಲೆಕ್ಕದಲ್ಲಲ್ಲ, ಗುಣಾಕಾರದ ಲೆಕ್ಕದಲ್ಲಿ ಬೆಳೆಯುತ್ತದೆ.

ದಾಟಬಾರದೆಂಬುದೇ ಇಂತಹ ಹೆದ್ದಾರಿಯ ನಿಯಮವಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ದಾಟಬೇಕಾದ ಕಾರಣಗಳು ನಿಯಮದಿಂದ ಅಳಿಯುವುದಿಲ್ಲ. ನಮ್ಮ ಊರು ಬಿಡದಿಯ ಆಚೆ, ಹೆದ್ದಾರಿಗೆ ಹೊಂದಿಕೊಂಡು ಇದೆ. ನಮ್ಮ ಮನೆ ರಸ್ತೆಯ ಒಂದು ಬದಿ, ಹಾಲಿನ ಡೈರಿ ಇನ್ನೊಂದು ಬದಿ. ಎರಡು ಹಸುವಿನ ಹಾಲಿನ ಹಣದಿಂದಲೇ ನಮ್ಮ ವಂಶದಲ್ಲಿ ಮೊದಲಿಗನಾಗಿ ನಾನು ಕಾಲೇಜು ಕಂಡೆ. ನಮ್ಮ ತಾಯಿ ಬೆಳಗಿನ ಜಾವದಲ್ಲೊಮ್ಮೆ, ಸಂಜೆಯಲ್ಲೊಮ್ಮೆ ಕ್ಯಾನು ಹಿಡಿದು ಆ ಬದಿಗೆ ಹೋಗಲೇಬೇಕು. ಕೆಳಸೇತುವೆ ಒಂದು ಕಿಲೋಮೀಟರಿಗೂ ದೂರ. ಮಳೆ ಬಂದರೆ ಅದರಲ್ಲಿ ನೀರು. “ಸುತ್ತಿಹೋದರೆ ಡೈರಿ ಬಾಗಿಲು ಹಾಕಿರ್ತಾರೆ ಕಣಪ್ಪ” ಎಂಬ ಅವಳ ಮಾತಿಗೆ ನನ್ನ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ಬೇಲಿಯನ್ನು ನುಸುಳುವವರೆಲ್ಲ ಅವಿವೇಕಿಗಳೆಂದು ತಿಳಿಯುವುದು ಸುಲಭ. ಅವರ ಹೊತ್ತಿನ ಬೆಲೆಯನ್ನು ಲೆಕ್ಕಹಾಕಿದವರು ಕಡಮೆ. ಕಾರಿನವನು ಉಳಿಸುವ ಒಂದೂಮುಕ್ಕಾಲು ಗಂಟೆ ಅಂದಾಜಿನಲ್ಲಿ ಸೇರಿದೆ. ಹಾಲಿನವಳು ಕಳೆದುಕೊಳ್ಳುವ ಅರ್ಧ ಗಂಟೆಗೂ ಅಲ್ಲಿ ಜಾಗವಿರಬೇಕು.

ಮುಂದೆ ಕೈಗೊಂಡ ಕ್ರಮಗಳೂ ಪಾಠ ಹೇಳುತ್ತವೆ. ೨೦೨೩ರ ಆಗಸ್ಟ್ ೧ರಿಂದ ಬೈಕು, ಆಟೋ, ಟ್ರಾಕ್ಟರು ಮತ್ತು ಮೋಟಾರಿಲ್ಲದ ಗಾಡಿಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು. ಗಂಟೆಗೆ ೧೦೦ ಕಿಲೋಮೀಟರಿನ ಮಿತಿಯನ್ನು ಪೊಲೀಸರು ಬಿಗಿಯಾಗಿ ಜಾರಿಗೆ ತಂದರು, ಕ್ಯಾಮೆರಾಗಳೂ ಬಂದವು. ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ರಸ್ತೆಯ ಅಗಲ ಇದ್ದಷ್ಟೇ ಇತ್ತು; ಬದಲಾದುದು ವೇಗ ಮತ್ತು ಬೆರಕೆ ಎಂಬುದನ್ನು ಗಮನಿಸಬೇಕು. ಆದರೆ ನಿಷೇಧಿತ ವಾಹನಗಳೆಲ್ಲ ಸರ್ವಿಸ್ ರಸ್ತೆಗೆ ಇಳಿದುವು. ಮಕ್ಕಳು, ದನಕರು, ಬಸ್ಸಿಗೆ ಕಾಯುವವರು ಇರುವುದೂ ಅಲ್ಲಿಯೇ.

ಆದುದರಿಂದ ಆಗಬೇಕಾದುದಿಷ್ಟು. ಒಂದು: ಸರ್ವಿಸ್ ರಸ್ತೆಯು ಎಲ್ಲಿಯೂ ತುಂಡಾಗದೆ ಒಂದೇ ಸಮನೆ ಸಾಗಬೇಕು, ಅದಕ್ಕೂ ದೀಪ, ವೇಗಮಿತಿ, ಬಸ್ಸು ನಿಲ್ಲುವ ತಾಣ ಬೇಕು. ಎರಡು: ಪಾದಚಾರಿಗಳ ಮೇಲ್ಸೇತುವೆ, ಕೆಳಸೇತುವೆಗಳನ್ನು ನಕ್ಷೆಯ ಅನುಕೂಲ ನೋಡಿ ಅಲ್ಲ, ಜನ ಈಗಾಗಲೇ ದಾಟುತ್ತಿರುವ ಜಾಗ ನೋಡಿ ಕಟ್ಟಬೇಕು, ಕ್ಯಾನು ಹೊತ್ತವರಿಗೂ ಮುದುಕರಿಗೂ ಮೆಟ್ಟಿಲಿಗಿಂತ ಇಳಿಜಾರು ಹಿತ. ಮೂರು: ನೀರು ಹರಿದುಹೋಗುವ ದಾರಿಯನ್ನು ರಸ್ತೆಗೆ ಮೊದಲೇ ಯೋಚಿಸಬೇಕು, ೨೦೨೨ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಂತಾದುದು ಎಲ್ಲರಿಗೂ ನೆನಪಿದೆ. ನಾಲ್ಕು: ದಟ್ಟಣೆ ನಿಜವಾಗಿ ತಗ್ಗಬೇಕಾದರೆ ಬಸ್ಸೂ ರೈಲೂ ಕಾರಿನೊಡನೆ ಸ್ಪರ್ಧಿಸುವಂತಿರಬೇಕು.

ಹೆದ್ದಾರಿ ಬೇಡವೆಂಬುದು ನನ್ನ ವಾದವಲ್ಲ. ನಾನೂ ಅದೇ ಮಾರ್ಗದ ಬದಿಯಲ್ಲಿ ಬಸ್ಸು ಹಿಡಿದು ಕಾಲೇಜಿಗೆ ಬರುವವನು. ಉದ್ದಕ್ಕೆ ಹೋಗುವವರಂತೆಯೇ ಅಡ್ಡಕ್ಕೆ ಹೋಗುವವರೂ ರಸ್ತೆಯ ಬಳಕೆದಾರರೆಂದು ಯೋಜನೆಯ ಮೊದಲ ಪುಟದಲ್ಲಿಯೇ ಬರೆಯಬೇಕೆಂಬುದಷ್ಟೇ ನನ್ನ ವಿಜ್ಞಾಪನೆ. ನಮ್ಮಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಕುಳಿತು ಇಂತಹ ಕಡತಗಳಿಗೆ ಸಹಿ ಹಾಕುವವರಾಗಬಹುದು. ಆಗ ಒಮ್ಮೆ ಸ್ಥಳಕ್ಕೆ ಹೋಗಿ, ಬೆಳಗಿನ ಐದೂವರೆ ಗಂಟೆಯ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಎಲ್ಲಿ ಸೇತುವೆ ಬೇಕೆಂಬುದು ಯಾರೂ ಹೇಳದೆ ತಿಳಿಯುತ್ತದೆ.