ಟ್ರ್ಯಾಕ್ಟರಿನ ಇಂಜಿನ್ ಎಣ್ಣೆಯಲ್ಲಿ ನೀರು: ಕಂಡುಹಿಡಿಯುವ ಕ್ರಮ

ಮುಂಗಾರಿನ ಮೊದಲ ಹದಕ್ಕೆ ಟ್ರ್ಯಾಕ್ಟರನ್ನು ಹೊರತೆಗೆದ ರೈತನು, ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂತಹ ಬಿಳಿಯ ನೊರೆಯನ್ನು ಕಾಣುವುದುಂಟು. ಇದು ಎಣ್ಣೆಯಲ್ಲಿ ನೀರು ಬೆರೆತಿರುವುದರ ಗುರುತು. ಆಗ ಕೆಲವರು ಹೆದರಿ ಇಂಜಿನನ್ನೇ ಬಿಚ್ಚಿಸಿ ವ್ಯರ್ಥವಾಗಿ ಹಣ ಕಳೆಯುವರು. ಮತ್ತೆ ಕೆಲವರು ಎಣ್ಣೆಯನ್ನು ಮಾತ್ರ ಬದಲಾಯಿಸಿ ಉಳುಮೆಯನ್ನು ಮುಂದುವರಿಸಿ ಬೇರಿಂಗುಗಳನ್ನು ಕೆಡಿಸಿಕೊಳ್ಳುವರು. ನೀರು ಎಲ್ಲಿಂದ ಬಂದಿತೆಂಬುದನ್ನು ಮೊದಲು ನಿರ್ಣಯಿಸಿದಲ್ಲಿ ಈ ಎರಡು ನಷ್ಟಗಳೂ ತಪ್ಪುವುವು.

ನೀರು ಸೇರುವ ಬಗೆ.— 1 ಲೀಟರು ಡೀಸೆಲ್ ಉರಿದರೆ ಸುಮಾರು ಅಷ್ಟೇ ನೀರು ಆವಿರೂಪದಲ್ಲಿ ಹುಟ್ಟುವುದು. ಇದರ ಬಹುಭಾಗವು ಹೊಗೆಕೊಳವೆಯಿಂದ ಹೊರಹೋಗುವುದು. ಅಲ್ಪಭಾಗವು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಎಣ್ಣೆಗೆ ಇಳಿಯುವುದು. ಇಂಜಿನು ಚೆನ್ನಾಗಿ ಕಾದರೆ ಈ ತೇವವು ಮತ್ತೆ ಆವಿಯಾಗುವುದು. ಐದು ಹತ್ತು ನಿಮಿಷ ಮಾತ್ರ ನಡೆಯಿಸಿ ನಿಲ್ಲಿಸುತ್ತಿದ್ದರೆ ಅಲ್ಲಿಯೇ ತಂಗುವುದು. ಎರಡನೆಯದಾಗಿ, ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ಬಳೆ ಕೆಟ್ಟಲ್ಲಿ ರೇಡಿಯೇಟರಿನ ನೀರು ಒಳಕ್ಕೆ ಸೋರುವುದು. ಮೂರನೆಯದಾಗಿ, ಬಯಲಿನಲ್ಲಿ ನಿಂತ ಟ್ರ್ಯಾಕ್ಟರಿನ ಹೊಗೆಕೊಳವೆಯ ಬಾಯಿಂದ ಮಳೆಯ ನೀರು ಇಳಿಯುವುದು.

ಪರೀಕ್ಷೆಗಳು.— ಇವುಗಳನ್ನು ಬೆಳಿಗ್ಗೆ, ಇಂಜಿನನ್ನು ಚಾಲೂ ಮಾಡುವುದಕ್ಕೆ ಮುಂಚೆ ನಡೆಸತಕ್ಕದ್ದು.

(1) ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ನೋಡಬೇಕು. ನೊರೆಯು ಮುಚ್ಚಳದಲ್ಲಿ ಮಾತ್ರವಿದ್ದು, ಕಡ್ಡಿಯ ಎಣ್ಣೆ ಶುದ್ಧವಾಗಿಯೂ ರೇಡಿಯೇಟರಿನ ನೀರು ಇಳಿಯದೆಯೂ ಇದ್ದರೆ, ಅದು ಬಹುಮಟ್ಟಿಗೆ ಆವಿಯ ತೇವವೇ.

(2) ಕಡ್ಡಿಯಲ್ಲಿಯೂ ಎಣ್ಣೆ ಹಾಲುಕಾಫಿಯ ಬಣ್ಣವಾಗಿ, ಮಟ್ಟವು ಏರಿ, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಒಳಸೋರಿಕೆಯೆಂದು ತಿಳಿಯಬೇಕು. ಮಟ್ಟವೇರಿದ್ದರೂ ಎಣ್ಣೆ ತೆಳ್ಳಗಾಗಿ ಡೀಸೆಲಿನ ವಾಸನೆ ಬಂದರೆ, ಬೆರೆತಿರುವುದು ಡೀಸೆಲೇ ಹೊರತು ನೀರಲ್ಲ.

(3) ನೀರು ಎಣ್ಣೆಗಿಂತ ಭಾರವಾದುದರಿಂದ ರಾತ್ರಿಯಲ್ಲಿ ತಳಕ್ಕೆ ಇಳಿಯುವುದು. ಕೆಳಗಿನ ಬಿರಡೆಯನ್ನು ಮೆಲ್ಲನೆ ಸಡಿಲಿಸಿದರೆ ಮೊದಲು ನೀರಿನ ಹನಿಗಳು ಬೀಳುವುವು. ಆದರೆ ಎಣ್ಣೆಯೊಡನೆ ಕಡೆದು ಹೋದ ನೀರು ಹೀಗೆ ಬೇರ್ಪಡದು. ಅದಕ್ಕೆ ಮುಂದಿನ ಪರೀಕ್ಷೆಯೇ ಬೇಕು.

(4) ಹಳೆಯ ಕಬ್ಬಿಣದ ಹಂಚನ್ನು ಎಣ್ಣೆ ಹೊಗೆಯಾಡದಷ್ಟು ಕಾಯಿಸಿ, ಉರಿಯನ್ನು ಆರಿಸಿ, ಒಂದೆರಡು ಹನಿ ಎಣ್ಣೆಯನ್ನು ಬಿಡಬೇಕು. ನೀರಿದ್ದರೆ ಚಟಚಟನೆ ಸಿಡಿಯುವುದು. ಹೊಸ ಎಣ್ಣೆಯ ಹನಿಯು ಸುಮ್ಮನೆ ಹರಡುವುದು. ಮುಖವನ್ನು ದೂರವಿಡತಕ್ಕದ್ದು.

ಪರಿಹಾರ.— ಆವಿಯ ತೇವವಾದರೆ ಮುಚ್ಚಳವನ್ನು ಒರೆಸಿ, ಟ್ರ್ಯಾಕ್ಟರಿನಿಂದ ಒಂದು ಗಂಟೆ ಭಾರದ ಕೆಲಸ ಮಾಡಿಸಿ, ಮರುದಿನ ಪುನಃ ನೋಡಬೇಕು. ನೊರೆ ಮರಳಿ ಕಾಣದಿದ್ದರೆ ಬಿಚ್ಚಿಸುವ ಅಗತ್ಯವಿಲ್ಲ. ಒಳಸೋರಿಕೆ ಕಂಡುಬಂದರೆ, ಅಥವಾ ಕೊಳವೆಯಿಂದ ಮಳೆನೀರು ಇಳಿದ ಸಂಶಯವಿದ್ದರೆ, ಇಂಜಿನನ್ನು ಚಾಲೂ ಮಾಡಲೇಬಾರದು. ಸಿಲಿಂಡರಿನಲ್ಲಿ ನಿಂತ ನೀರು ಒತ್ತಿದರೆ ಕುಗ್ಗದಾದುದರಿಂದ ಕನೆಕ್ಟಿಂಗ್ ರಾಡೇ ಬಾಗಬಹುದು. ನೀರು ಬೆರೆತ ಎಣ್ಣೆಯು ಬೇರಿಂಗುಗಳ ಮೇಲೆ ಸರಿಯಾಗಿ ನಿಲ್ಲದೆ ಅವು ಸವೆಯುವುವು. ಮೆಕ್ಯಾನಿಕನಿಂದ ದೋಷವನ್ನು ಸರಿಪಡಿಸಿದ ಬಳಿಕವೇ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸತಕ್ಕದ್ದು.

ಇಂಜಿನು ನಿಂತು ಆರಿದ ಮೇಲೆ ಹೊಗೆಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿಯನ್ನು ಕವಿಚಿ, ಚಾಲೂ ಮಾಡುವ ಮುನ್ನ ಮರೆಯದೆ ತೆಗೆಯುವ ರೂಢಿಯಿಟ್ಟುಕೊಂಡರೆ ಮಳೆನೀರಿನ ಭಯವು ಸುಲಭವಾಗಿ ನೀಗುವುದು.