ಕೊರಿಯಾದ ಹೆಜ್ಜೆ, ಥಾಯ್ ಮಾತು

ವಾರ್ಷಿಕೋತ್ಸವ ಬಂತೆಂದರೆ ನಮ್ಮ ಮಕ್ಕಳು ಕೊರಿಯನ್ ಹಾಡುಗಳಿಗೆ ಹೆಜ್ಜೆ ಹಾಕಲು ಸಿದ್ಧ. ‘ಇದೆಲ್ಲ ಬರೀ ಅನುಕರಣೆ, ನಮ್ಮದು ಮರೆತೇ ಹೋಗುತ್ತದೆ’ ಎಂದು ಹಿರಿಯರು ಬೇಸರಪಡುವುದೂ ಉಂಟು. ಎರವಲು ತಂದರೆ ತನ್ನತನ ಹೋಗುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ನಾವು ಥಾಯ್ಲೆಂಡಿನ ಸಂಗೀತವನ್ನು ಸ್ವಲ್ಪ ಅಭ್ಯಾಸ ಮಾಡೋಣ.

ಥಾಯ್ಲೆಂಡಿಗೆ ಎರವಲು ಹೊಸದಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ‘ದಿ ಶ್ಯಾಡೋಸ್’ ತಂಡದ ಗಿಟಾರ್ ಸಂಗೀತ ಅಲ್ಲಿನ ಯುವಕರನ್ನು ಸೆಳೆಯಿತು. ಆ ಬಗೆಯ ತಂಡಗಳಿಗೆ ‘ವೊಂಗ್ ಶ್ಯಾಡೋ’ ಎಂದೇ ಹೆಸರಾಯಿತು. ಮುಂದೆ ಅದೇ ದಾರಿಯಲ್ಲಿ ಬೆಳೆದ ಥಾಯ್ ಪಾಪ್ ಸಂಗೀತವನ್ನು ‘ಸ್ಟ್ರಿಂಗ್’ ಎಂದು ಕರೆದರು.

2000ರ ದಶಕದಲ್ಲಿ ಕೊರಿಯಾದ ಧಾರಾವಾಹಿಗಳು ಥಾಯ್ ಮನೆಗಳನ್ನು ಪ್ರವೇಶಿಸಿದವು. ಜೊತೆಗೇ ಹಾಡುಗಳೂ ಬಂದವು. ಥಾಯ್ ಮೂಲದ ನಿಚ್‌ಖುನ್ 2008ರಲ್ಲಿ ಕೊರಿಯಾದ ‘ಟೂಪಿಎಮ್’ ತಂಡದ ಸದಸ್ಯರಾದರು. ವೇದಿಕೆ ಏರುವ ಮೊದಲೇ ದೀರ್ಘ ತರಬೇತಿ, ಹಾಡಿನಷ್ಟೇ ನೃತ್ಯಕ್ಕೂ ಮಹತ್ವ, ಅಚ್ಚುಕಟ್ಟಾದ ವಿಡಿಯೋ – ಈ ಕೊರಿಯನ್ ಕ್ರಮವನ್ನು ಥಾಯ್ ಸಂಗೀತಗಾರರೂ ಕಲಿತರು. 2020ರಲ್ಲಿ ಟಿವಿ ಸ್ಪರ್ಧೆಯ ಮೂಲಕ ರೂಪುಗೊಂಡ ಏಳು ಹುಡುಗಿಯರ ‘ಫೋರ್‌ಈವ್’ ತಂಡ ಇದಕ್ಕೊಂದು ಉದಾಹರಣೆ.

ಆದರೆ ಭಾಷೆಯನ್ನು ಎರವಲು ತರಲಾಗದು. ಥಾಯ್ ಭಾಷೆಯಲ್ಲಿ ಐದು ಧ್ವನಿಸ್ತರಗಳಿವೆ. ‘ಮಾ’ ಎಂಬುದನ್ನು ಸಮಸ್ವರದಲ್ಲಿ ಹೇಳಿದರೆ ‘ಬಾ’, ಎತ್ತರದಲ್ಲಿ ಹೇಳಿದರೆ ‘ಕುದುರೆ’, ಏರಿಸುತ್ತಾ ಹೇಳಿದರೆ ‘ನಾಯಿ’! ಹೀಗಾಗಿ ಹಾಡು ಬರೆಯುವವರು ರಾಗದ ಏರಿಳಿತದ ಜೊತೆಗೆ ಮಾತಿನ ಏರಿಳಿತವನ್ನೂ ಗಮನಿಸಬೇಕಾಗುತ್ತದೆ. ಕುಣಿತ ಕೊರಿಯಾದ್ದಾದರೂ ಹಾಡು ಥಾಯ್ ಆಗಿಯೇ ಉಳಿಯುವುದು ಇಲ್ಲಿ.

ಕೊಟ್ಟವರೂ ಪಡೆಯುತ್ತಾರೆ. ಬುರಿರಾಮ್ ಪ್ರಾಂತ್ಯದಲ್ಲಿ ಹುಟ್ಟಿದ ಲೀಸಾ 2016ರಲ್ಲಿ ಕೊರಿಯಾದ ‘ಬ್ಲ್ಯಾಕ್‌ಪಿಂಕ್’ ತಂಡದಲ್ಲಿ ಹಾಡತೊಡಗಿದರು. 2021ರ ಅವರ ‘ಲಲೀಸಾ’ ಹಾಡಿನ ಭಾಷೆ ಕೊರಿಯನ್ ಮತ್ತು ಇಂಗ್ಲಿಷ್. ಆದರೆ ವಿಡಿಯೋದಲ್ಲಿ ಅವರು ಥಾಯ್ ಉಡುಪು, ಶಿರೋಭೂಷಣ ತೊಟ್ಟು ಕುಣಿದರು. ಅದೇ ವರ್ಷ ಸಂದರ್ಶನವೊಂದರಲ್ಲಿ ತಮ್ಮೂರಿನ ಮಾಂಸದುಂಡೆಯನ್ನು ನೆನೆದದ್ದೇ ತಡ, ಬುರಿರಾಮ್ ರೈಲು ನಿಲ್ದಾಣದ ಬಳಿಯ ಅಂಗಡಿಗಳಿಗೆ ಜನ ಮುಗಿಬಿದ್ದರು!

ಕಲಿಯುವುದು ತಪ್ಪಲ್ಲ, ಕಲಿತದ್ದಕ್ಕೆ ನಮ್ಮದನ್ನು ಸೇರಿಸದಿರುವುದು ನಷ್ಟ. ಮಕ್ಕಳೇ, ಮುಂದಿನ ವಾರ್ಷಿಕೋತ್ಸವದಲ್ಲಿ ಆ ಹೆಜ್ಜೆಗಳಿಗೆ ನಾವೇ ಬರೆದ ನಾಲ್ಕು ಸಾಲು ಕನ್ನಡವನ್ನು ಹೊಂದಿಸಿ ನೋಡೋಣವೇ?