ಜೂಡೊ ಮಕ್ಕಳ ದಮ್ಮು ಅಳೆಯುವುದು ಹೇಗೆ?

600 ಮೀಟರ್ ಓಟದಲ್ಲಿ ಶಾಲೆಗೇ ಮೊದಲು ಬರುವ ಹುಡುಗ ಜೂಡೊ ಮ್ಯಾಟ್ ಮೇಲೆ ಎರಡೇ ನಿಮಿಷಕ್ಕೆ ಏದುಸಿರು ಬಿಡುವುದುಂಟು. ಜಾಕೆಟ್ ಹಿಡಿದು ಎಳೆಯಬೇಕು, ಎತ್ತಿ ಕೆಡವಬೇಕು, ಅರೆಕ್ಷಣ ಸುಧಾರಿಸಿಕೊಂಡು ಮತ್ತೆ ನುಗ್ಗಬೇಕು. ಅದಕ್ಕೆ ಬೇಕಾದ ದಮ್ಮೇ ಬೇರೆ. ಅದನ್ನು ಅಳೆಯಲೆಂದೇ ಪೋಲೆಂಡಿನ ಸ್ತಾನಿಸ್ವಾವ್ ಸ್ತೆರ್ಕೊವಿಚ್ 1995ರಲ್ಲಿ ಪ್ರಕಟಿಸಿದ್ದು ‘ಸ್ಪೆಷಲ್ ಜೂಡೊ ಫಿಟ್‌ನೆಸ್ ಟೆಸ್ಟ್’.

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿ ಇರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ಜೂಡೊ ಪಟುಗಳಿಗೆ ಕ್ರೀಡಾವಿಜ್ಞಾನದ ನೆರವು ಸಿಗುತ್ತದೆ. ತಾಲ್ಲೂಕಿನ ಸಣ್ಣ ಕ್ಲಬ್ಬಿಗೆ ಆ ಭಾಗ್ಯವಿಲ್ಲ, ನಿಜ. ಆದರೆ ಈ ಪರೀಕ್ಷೆಗೆ ಮ್ಯಾಟ್, ಅಳತೆ ಟೇಪು, ಸೀಟಿ, ಸ್ಟಾಪ್‌ವಾಚ್ ಇದ್ದರೆ ಸಾಕು.

ಮೊದಲು, ಬೇರೊಂದು ದಿನ, ಸಾಮಾನ್ಯ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ: ಎತ್ತರ, ತೂಕ, ಕೂತು ಮುಂದಕ್ಕೆ ಬಾಗುವುದು, 50 ಮೀಟರ್ ಓಟ, ಪುಷ್‌ಅಪ್. 600 ಮೀಟರ್ ಕೊನೆಗಿರಲಿ. ಅದನ್ನೇ ಮೊದಲು ಓಡಿಸಿದರೆ ಮಿಕ್ಕಿದ್ದೆಲ್ಲ ಸುಸ್ತಿನ ಲೆಕ್ಕವಾಗುತ್ತದೆ.

ಜೂಡೊ ಪರೀಕ್ಷೆಯ ದಿನ ಚೆನ್ನಾಗಿ ವಾರ್ಮ್‌ಅಪ್ ಮಾಡಿಸಿ. ಮಗುವಿನಷ್ಟೇ ಎತ್ತರ, ತೂಕದ ಇಬ್ಬರು ಜೊತೆಗಾರರನ್ನು 6 ಮೀಟರ್ ಅಂತರದಲ್ಲಿ ನಿಲ್ಲಿಸಿ, ಮಗು ನಟ್ಟನಡುವೆ ನಿಲ್ಲಲಿ. ಸೀಟಿ ಊದಿದೊಡನೆ ಒಬ್ಬರತ್ತ ಓಡಿ ಇಪ್ಪೊನ್ ಸೆಯೊಯಿ ನಾಗೆ, ಅಂದರೆ ಜೊತೆಗಾರರ ತೋಳನ್ನು ತನ್ನ ಮೊಣಕೈ ಸಂದಿಗೆ ಸಿಕ್ಕಿಸಿ ಹೆಗಲ ಮೇಲಿಂದ ಎಸೆಯುವ ಪಟ್ಟು ಹಾಕಬೇಕು. ತಕ್ಷಣ ಇನ್ನೊಬ್ಬರತ್ತ ಓಡಬೇಕು. ಹೀಗೆ 15 ಸೆಕೆಂಡು, 10 ಸೆಕೆಂಡು ವಿರಾಮ, 30 ಸೆಕೆಂಡು, ಮತ್ತೆ 10 ಸೆಕೆಂಡು ವಿರಾಮ, ಕೊನೆಗೆ 30 ಸೆಕೆಂಡು. ಈ ಪಟ್ಟನ್ನೂ ಸುರಕ್ಷಿತವಾಗಿ ಬೀಳುವುದನ್ನೂ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಇದು ಬೇಡ.

ಮುಗಿದ ಕೂಡಲೇ ಹೃದಯ ಬಡಿತ ಬರೆದುಕೊಳ್ಳಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಎರಡನ್ನೂ ಕೂಡಿ ಒಟ್ಟು ಎಸೆತಗಳಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ಕಡಿಮೆ ಬಂದಷ್ಟೂ ಒಳ್ಳೆಯದು. ಒಬ್ಬ ಹುಡುಗಿ 5, 9, 8ರಂತೆ 22 ಬಾರಿ ಎಸೆದಳು, ಬಡಿತ 182 ಮತ್ತು 150 ಇತ್ತು ಎನ್ನೋಣ: 332 ಭಾಗಿಸು 22, ಸುಮಾರು 15.1. ಕೆಲವು ತಿಂಗಳ ನಂತರ 24 ಎಸೆತ, ಬಡಿತ 182 ಮತ್ತು 148 ಆದರೆ 13.75. ಇಲ್ಲಿ ಎಸೆತವೂ ಹೆಚ್ಚಿದೆ, ಸುಧಾರಿಸಿಕೊಳ್ಳುವ ಶಕ್ತಿಯೂ ತುಸು ಹೆಚ್ಚಿದೆ. ಕೋಚ್‌ಗಳು ಸೂಚ್ಯಂಕವೊಂದನ್ನೇ ನೋಡಿ ಸುಮ್ಮನಾಗಬಾರದು. ಎರಡನೇ ಸುತ್ತಿನಲ್ಲಿ 10 ಎಸೆದ ಮಗು ಮೂರನೆಯದರಲ್ಲಿ 7ಕ್ಕೆ ಇಳಿದರೆ ಕೊರತೆ ವೇಗದ್ದಲ್ಲ, ತಾಳಿಕೆಯದು.

ಕೈನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರು ಹುಷಾರಾಗಿರಬೇಕು. ಒಂದು ಬಡಿತ ತಪ್ಪಿದರೆ ಲೆಕ್ಕ 4 ಜಾರುತ್ತದೆ. ಎದೆಗೆ ಕಟ್ಟುವ ಪಟ್ಟಿ ಸಿಕ್ಕರೆ ಅದೇ ವಾಸಿ.



ಅಂಕಗಳನ್ನು ದೊಡ್ಡವರ ಪಟ್ಟಿಗೆ ಹೋಲಿಸಿ ಮಗುವನ್ನು ಹಳಿಯುವುದು ಅನ್ಯಾಯ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಪ್ರಾಯಕ್ಕೆ ಬಂದಿರಬಹುದು, ಇನ್ನೊಬ್ಬರು ಇನ್ನೂ ಬಂದಿರಲಿಕ್ಕಿಲ್ಲ. ಸರಸರನೆ ಎತ್ತರ ಬೆಳೆಯುವಾಗ ಮೈ ಬಾಗುವುದು ಕೆಲಕಾಲ ಕಡಿಮೆಯಾಗಬಹುದು. ಅದು ಸೋಮಾರಿತನವಲ್ಲ. ಆಯಾ ಮಗುವಿನ ಹಿಂದಿನ ಅಂಕವೇ ಹೋಲಿಕೆಗೆ ಸರಿ. ಅದಕ್ಕಾಗಿ ಹೊತ್ತು, ಮ್ಯಾಟ್ ಪ್ರತಿ ಸಲವೂ ಒಂದೇ ಇರಬೇಕು, ಜೊತೆಗಾರರು ಮಗುವಿನ ಆಗಿನ ತೂಕದವರೇ ಆಗಿರಬೇಕು.

ಜ್ವರ, ಗಾಯ, ಎದೆನೋವು, ತಲೆಸುತ್ತು ಇದ್ದರೆ ಪರೀಕ್ಷೆ ಬೇಡ. ತೂಕ ಇಳಿಸಲು ನೀರು ಬಿಟ್ಟಿರುವ ಮಗುವನ್ನಂತೂ ನಿಲ್ಲಿಸಲೇಬಾರದು: ನೀರಿನಂಶ ಕಡಿಮೆಯಾದರೆ ಬಡಿತ ಏರಿ ಸೂಚ್ಯಂಕ ಕೆಡುತ್ತದೆ, ಜೊತೆಗೆ ಮಗುವಿನ ಜೀವಕ್ಕೂ ಅಪಾಯ.